ನೆಳಲುಗೊಳವೆ

ಕನ್ನಡ ಮೇಷ್ಟ್ರಾದವನಿಗೆ ಪಾಠ ಹೇಳುವುದರ ಜೊತೆಗೆ ಒಂದು ಉಪಕಸುಬೂ ತಾನಾಗಿಯೇ ಅಂಟಿಕೊಳ್ಳುತ್ತದೆ. ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಹೆಸರು ಕೇಳಲು ಅವನ ಬಳಿಗೆ ಬರುತ್ತಾರೆ. ಲಗ್ನಪತ್ರಿಕೆಯ ಒಕ್ಕಣೆಯನ್ನು ಅವನೇ ತಿದ್ದಬೇಕು. ಅಂಗಡಿಯ ಹಲಗೆಯಲ್ಲಿ ‘ಶ’ವೋ ‘ಷ’ವೋ ಎಂಬ ವ್ಯಾಜ್ಯಕ್ಕೆ ಅವನೇ ತೀರ್ಪು ಕೊಡಬೇಕು. ಮಳೆಗಾಲಕ್ಕೆ ಮುಂಚೆ ಜನ ಕೊಡೆ ರಿಪೇರಿಯವನನ್ನು ಹುಡುಕುವಂತೆ, ಮಾತು ಮುರಿದುಕೊಂಡವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕೂಲಿಯೆಂದರೆ ಒಂದು ಲೋಟ ಚಹ. ಅದೂ ಸಾಮಾನ್ಯವಾಗಿ ನಮ್ಮ ಮನೆಯದೇ.

ಹೋದ ವರ್ಷ ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ತಂದ ಮಾತು ಮಾತ್ರ ಈ ಯಾವ ಬಗೆಗೂ ಸೇರಿದ್ದಾಗಿರಲಿಲ್ಲ. ನಿವೃತ್ತಿಯ ಹೊಸ್ತಿಲಲ್ಲಿದ್ದ ಅವರು ಕಾಲೇಜಿನ ವಾರ್ಷಿಕ ಸಂಚಿಕೆಗೆಂದು, ಹುಟ್ಟಿ ಕೆಲವು ಕಾಲ ದುಡಿದು ಹೆಸರಿಲ್ಲದೆ ಹೋದ ಯಂತ್ರಗಳನ್ನು ಕುರಿತು ಒಂದು ಲೇಖನ ಬರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಚಂದ್ರವಳ್ಳಿಯ ಕಡೆಗೆ ನಡೆದುಹೋಗುವುದು ನಮ್ಮಿಬ್ಬರ ಹಳೆಯ ಅಭ್ಯಾಸ. ಊರು ದಾಟಿ ಬಂಡೆಗಳ ಸಂದಿಗೆ ಹೊರಳುತ್ತಿದ್ದಂತೆಯೇ ಅವರು ಕೇಳಿದರು:

“ಪಂಡಿತರೇ, ಕತ್ತಲೆಯನ್ನು ಹೊತ್ತು ತರುವವನಿಗೆ ಕನ್ನಡದಲ್ಲಿ ಏನೆನ್ನುತ್ತಾರೆ?”

“ಅಮಾವಾಸ್ಯೆ ಎನ್ನುತ್ತಾರೆ” ಎಂದೆ.

“ತಮಾಷೆಯಲ್ಲ ಸ್ವಾಮಿ. ಬೆಳಕನ್ನು ಹೊರುವುದು ಫಾಸ್ಫರ್. ಕತ್ತಲನ್ನು ಹೊರುವುದು ಸ್ಕೋಟೋಫೋರ್. ಎರಡೂ ಗ್ರೀಕರ ಮಾತು. ಅದನ್ನು ಬಳಿದ ಕೊಳವೆಗೆ ಸ್ಕಿಯಾಟ್ರಾನ್ ಅಂತ ಹೆಸರು. ಸ್ಕಿಯಾ ಎಂದರೆ ನೆರಳು. ನನ್ನ ಲೇಖನದಲ್ಲಿ ಈ ಇಂಗ್ಲಿಷ್ ಗ್ರೀಕೆಲ್ಲ ಬೇಡ, ನೀವೊಂದು ಹೆಸರಿಡಿ.”

ಮಗುವಿನ ಮುಖ ನೋಡದೆ ಹೆಸರಿಡುವುದು ನನ್ನ ಪದ್ಧತಿಯಲ್ಲ. ಅದು ಎಂಥ ವಸ್ತು, ಏನು ಮಾಡುತ್ತಿತ್ತು, ಮೊದಲು ಹೇಳಿ ಎಂದೆ. ಕೆರೆಯ ಏರಿಯ ಮೇಲೆ ಒಂದು ಕಲ್ಲು ನೋಡಿ ಕುಳಿತೆವು. ಮೂರು ಕಡೆ ಮೂರು ಬೆಟ್ಟ — ಚಿತ್ರದುರ್ಗದ್ದು, ಕಿರುಬನಕಲ್ಲು, ಚೋಳಗುಡ್ಡ. ನಡುವೆ ಬೇಸಿಗೆಗೆ ಬತ್ತಿ ಕೆಳಗಿಳಿದಿದ್ದ ನೀರು. ಮೇಷ್ಟ್ರು ಪಾಠ ಶುರುಮಾಡಿದರು. ನಾನು ವಿದ್ಯಾರ್ಥಿಯಾಗಿದ್ದಾಗ ಭೌತಶಾಸ್ತ್ರವನ್ನು ಕಂಡರೆ ಓಡುತ್ತಿದ್ದವನು. ಆದರೆ ಏರಿಯ ಮೇಲಿನ ಪಾಠದಲ್ಲಿ ಪರೀಕ್ಷೆಯ ಭಯವಿರಲಿಲ್ಲವಾದ್ದರಿಂದಲೋ ಏನೋ, ಎಲ್ಲವೂ ತಲೆಗೆ ಹತ್ತಿತು. ಹತ್ತಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ತಪ್ಪಿದ್ದರೆ ಅದು ಶಿಷ್ಯನದು.

ಬೆನ್ನಿನಲ್ಲಿ ಗೂನಿದ್ದ ಹಳೆಯ ಟೆಲಿವಿಷನ್ ಪೆಟ್ಟಿಗೆಯನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದೇವೆ. ಆ ಗೂನಿನ ಒಳಗಿದ್ದುದು ಕ್ಯಾಥೋಡ್ ಕಿರಣದ ಕೊಳವೆ. 1897ರಲ್ಲಿ ಜರ್ಮನಿಯ ಬ್ರೌನ್ ಎಂಬ ವಿಜ್ಞಾನಿ ರೂಪಿಸಿದ್ದು. ಹಿಂದಿನ ತುದಿಯಿಂದ ಎಲೆಕ್ಟ್ರಾನುಗಳು ಹೊರಟು ಮುಂದಿನ ಗಾಜಿನ ಒಳಮೈಗೆ ಬಳಿದ ಫಾಸ್ಫರಿಗೆ ಬಡಿಯುತ್ತವೆ, ಬಡಿದಲ್ಲಿ ಬೆಳಕು ಮಿನುಗುತ್ತದೆ, ಮರುಕ್ಷಣ ಆರುತ್ತದೆ. ಆರುವುದರಿಂದಲೇ ಅಲ್ಲಿ ಚಿತ್ರ ಓಡಾಡುತ್ತದೆ. ನಮ್ಮ ಮನೆಯ ಕಪ್ಪು ಬಿಳುಪಿನ ಪೆಟ್ಟಿಗೆಯನ್ನು ಆರಿಸಿದಾಗ ಚಿತ್ರವೆಲ್ಲ ಕುಗ್ಗಿ ಕುಗ್ಗಿ ನಡುವೆ ಒಂದು ಚುಕ್ಕಿಯಾಗಿ ನಿಲ್ಲುತ್ತಿತ್ತು. ಅದು ಪೂರ್ತಿ ಮಾಯವಾಗುವವರೆಗೆ ನಾನೂ ನಮ್ಮಣ್ಣನೂ ಅಲುಗದೆ ನೋಡುತ್ತಿದ್ದೆವು. “ಈಗ ಹೋಯಿತು” ಎಂದು ಅವನು. “ಇನ್ನೂ ಇದೆ” ಎಂದು ನಾನು. ಈ ಜಗಳ ಅಮ್ಮ ದೀಪ ಆರಿಸುವವರೆಗೂ ನಡೆಯುತ್ತಿತ್ತು.

ಯುದ್ಧಕಾಲದಲ್ಲಿ ರೇಡಾರ್ ಬಂದಾಗ ಈ ಆರುವ ಗುಣವೇ ತೊಡಕಾಯಿತಂತೆ. ರೇಡಾರ್ ಆಕಾಶಕ್ಕೆ ಅಲೆಯನ್ನು ಕಳಿಸಿ, ವಿಮಾನಕ್ಕೋ ಹಡಗಿಗೋ ತಾಗಿ ಮರಳಿದ ಪ್ರತಿಧ್ವನಿಯನ್ನು ಚುಕ್ಕಿಯಾಗಿ ತೋರಿಸುವ ಯಂತ್ರ. ಅದರ ತೆರೆಯ ಮೇಲಿನ ಗೆರೆ ಗಾಣದ ಎತ್ತಿನಂತೆ ಸುತ್ತುತ್ತದೆ. ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಹಿಂದಿನ ಚುಕ್ಕಿ ಆರಿಹೋದರೆ ವಿಮಾನ ಯಾವ ಕಡೆಗೆ ಹೋಗುತ್ತಿದೆಯೆಂದು ತಿಳಿಯುವುದು ಹೇಗೆ? ಸ್ವಲ್ಪ ಹೊತ್ತು ನಿಲ್ಲುವ ಫಾಸ್ಫರುಗಳೇನೋ ಇದ್ದವು. ಆದರೆ ಅವುಗಳ ಮಂದ ಬೆಳಕು ಕತ್ತಲೆ ಕೋಣೆಯಲ್ಲಿ ಒಬ್ಬಿಬ್ಬರಿಗೆ ಮಾತ್ರ ಕಾಣುತ್ತಿತ್ತು.

ಆಗ ಒದಗಿಬಂದದ್ದು ಈ ಕತ್ತಲು ಹೊರುವ ಕೊಳವೆ. ಲಂಡನ್ನಿನ ಸ್ಕೋಫೋನಿ ಎಂಬ ಟೆಲಿವಿಷನ್ ಕಂಪನಿಯ ರೋಸೆಂಥಾಲ್ ಎಂಬಾತ ದೊಡ್ಡ ತೆರೆಯ ಟೆಲಿವಿಷನ್ನಿಗಾಗಿ ಯೋಚಿಸಿದ್ದ ಉಪಾಯವಿದು. 1940ರಲ್ಲಿ ಆತ ಅದನ್ನು ಕುರಿತು ಪ್ರಬಂಧವನ್ನೂ ಪ್ರಕಟಿಸಿದ್ದ. ಗಾಜಿಗೆ ಫಾಸ್ಫರಿನ ಬದಲು ಪೊಟ್ಯಾಸಿಯಂ ಕ್ಲೋರೈಡನ್ನು ಬಳಿದರು. ಅದು ನಮ್ಮ ಅಡಿಗೆಯ ಉಪ್ಪಿನ ಅಣ್ಣತಮ್ಮಂದಿರ ಪೈಕಿ ಒಂದು, ನೋಡಲು ಬೆಳ್ಳಗೆ. ಎಲೆಕ್ಟ್ರಾನು ಬಡಿದಲ್ಲಿ ಅದು ಬೆಳಗುವುದಿಲ್ಲ. ನೇರಳೆಹಣ್ಣು ತಿಂದ ಹುಡುಗನ ನಾಲಗೆಯಂತೆ ಬಣ್ಣ ಕಟ್ಟುತ್ತದೆ. ಬಿಳಿಯ ಮೇಲೆ ನೇರಳೆಯ ಗೆರೆ. ಹಗಲು ಬೆಳಕಿನಲ್ಲೂ ಕಾಣುತ್ತದೆ. ಬಲವಾದ ದೀಪದ ಬೆಳಕನ್ನು ಅದರ ಮೇಲೆ ಬಿಟ್ಟು, ಮಸೂರದಿಂದ ಹಿಗ್ಗಿಸಿ, ಮೇಜಿನಗಲದ ನಕಾಶೆಯ ಮೇಲೆ ಬೀಳಿಸಿದರೆ ಸುತ್ತ ನಿಂತ ಹತ್ತು ಮಂದಿ ಅಧಿಕಾರಿಗಳು ಏಕಕಾಲಕ್ಕೆ ಯುದ್ಧವನ್ನು ನೋಡಬಹುದು. ಬ್ರಿಟಿಷರ ರೇಡಾರ್ ಕೇಂದ್ರಗಳಲ್ಲೂ ಅಮೆರಿಕದ ಹಡಗುಗಳಲ್ಲೂ ಇದು ದುಡಿಯಿತು. ವಿಮಾನ ಮುಂದೆ ಮುಂದೆ ಹೋದಂತೆ ಅದರ ಹಿಂದೆ ನೇರಳೆಯ ಬಾಲವೊಂದು ಉಳಿಯುತ್ತಿತ್ತು. ಬಂದ ದಾರಿ ಬಾಲದಲ್ಲೇ ಬರೆದಿತ್ತು.

“ಬಣ್ಣ ಯಾಕೆ ಕಟ್ಟುತ್ತದೆ?” ಎಂದೆ.

“ನಿಮ್ಮ ಹೊಳಲ್ಕೆರೆ ಕಡೆಯ ಅಡಿಕೆ ತೋಟ ನೋಡಿದ್ದೀರಲ್ಲ, ಉಪ್ಪಿನ ಹರಳು ಹಾಗೆಯೇ” ಎಂದರು ಮೇಷ್ಟ್ರು. “ಸಾಲು ಸಾಲಾಗಿ ಒಂದು ಪೊಟ್ಯಾಸಿಯಂ, ಒಂದು ಕ್ಲೋರಿನ್. ಎಷ್ಟು ಚೆನ್ನಾಗಿ ನೆಟ್ಟರೂ ಅಲ್ಲೊಂದು ಇಲ್ಲೊಂದು ಗಿಡ ಸತ್ತು ಗುಣಿ ಬರಿದಾಗಿರುತ್ತದೆ. ಕ್ಲೋರಿನ್ ಇರಬೇಕಾದ ಬರಿಯ ಗುಣಿಯಲ್ಲಿ ಒಂದು ಎಲೆಕ್ಟ್ರಾನು ಬಂದು ಬಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡದ್ದು ಸುಮ್ಮನಿರುವುದಿಲ್ಲ, ಬರುವ ಬೆಳಕಿನಲ್ಲಿ ಹಸುರು ಹಳದಿಯ ಭಾಗವನ್ನು ನುಂಗುತ್ತದೆ. ಉಳಿದ ಬೆಳಕು ನಮ್ಮ ಕಣ್ಣಿಗೆ ನೇರಳೆ. ಗಟ್ಟಿಂಗೆನ್ನಿನಲ್ಲಿ ಪೋಲ್ ಎಂಬ ಪ್ರೊಫೆಸರು, ಅವರ ಶಿಷ್ಯರು 1920ರಿಂದ ಈಚೆಗೆ ಇದನ್ನೇ ಜೀವಮಾನದ ಕೆಲಸ ಮಾಡಿಕೊಂಡಿದ್ದರು. ಬಣ್ಣದ ಕೇಂದ್ರ ಅಂತ ಅದಕ್ಕೆ ಹೆಸರು.”

ತುಂಬಿದ ಜಾಗದಲ್ಲಿ ನೆನಪು ನಿಲ್ಲುವುದಿಲ್ಲ, ಬರಿದಾದ ಗುಣಿಯಲ್ಲೇ ನಿಲ್ಲುತ್ತದೆ ಎಂಬ ಮಾತು ನನಗೆ ಹಿಡಿಸಿತು. ಕೊಳವೆಗೆ ‘ನೆಳಲುಗೊಳವೆ’ ಎಂದು ಹೆಸರಿಟ್ಟೆ. ‘ನೆರಳು’ ಎನ್ನುವುದಕ್ಕಿಂತ ಹಳೆಯ ‘ನೆಳಲು’ ಎಂಬುದರಲ್ಲಿ ಒಂದು ತಂಪಿದೆ. ಮೇಷ್ಟ್ರು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, ಪರವಾಗಿಲ್ಲ ಎಂದು ಜೇಬಿನ ಚೀಟಿಯಲ್ಲಿ ಬರೆದುಕೊಂಡರು.

“ಇಷ್ಟು ಒಳ್ಳೆಯ ವಸ್ತು ಯಾಕೆ ಸತ್ತಿತು?” ಎಂದು ಕೇಳಿದೆ.

“ಮರೆಯಲಿಕ್ಕೆ ಬರಲಿಲ್ಲ, ಅದಕ್ಕೇ” ಎಂದರು.

ಟೆಲಿವಿಷನ್ನಿನ ಚಿತ್ರ ಕ್ಷಣಕ್ಕೆ ಇಪ್ಪತ್ತೈದು ಸಲ ಬದಲಾಗಬೇಕು. ನೆಳಲುಗೊಳವೆಯ ಗೆರೆ ಕೆಲವು ಸೆಕೆಂಡಿನಲ್ಲೂ ಮಾಯಬಹುದು, ತಿಂಗಳುಗಟ್ಟಲೆಯೂ ನಿಲ್ಲಬಹುದು. ಅಮೆರಿಕದವರು ಕೊಳವೆಗಳ ತೆರೆಗೆ ಪಿ1, ಪಿ2 ಎಂದು ಸಂಖ್ಯೆ ಕೊಡುತ್ತಿದ್ದರು. ಈ ಉಪ್ಪಿನ ತೆರೆಗೆ ಪಿ10. ಗೆರೆಯನ್ನು ಅಳಿಸಬೇಕಾದರೆ ತೆರೆಗೆ ಶಾಖ ಕೊಡಬೇಕು. ಶಾಖಕ್ಕೆ ಹರಳು ನಡುಗುತ್ತದೆ, ಗುಣಿಯಲ್ಲಿ ಬಿದ್ದ ಎಲೆಕ್ಟ್ರಾನು ಹೊರಕ್ಕೆ ಹಾರುತ್ತದೆ, ಬಣ್ಣ ಹೋಗುತ್ತದೆ. ಆದರೆ ನಿಧಾನವಾಗಿ. ಅಷ್ಟರಲ್ಲಿ ಹೊಸ ವಿಮಾನ ಬಂದರೆ ಅದರ ಗೆರೆ ಹಳೆಯ ಗೆರೆಯ ಮೇಲೆಯೇ ಬೀಳುತ್ತದೆ. ಒಂದೇ ಜಾಗದಲ್ಲಿ ದಿನವೂ ಪೆಟ್ಟು ಬಿದ್ದರಂತೂ ಅಲ್ಲಿ ಎಂಥ ಶಾಖಕ್ಕೂ ಹೋಗದ ಕಲೆ ಕಟ್ಟುತ್ತದೆ. ಯುದ್ಧ ಮುಗಿದ ಮೇಲೆ ಬೇರೆ ಬಗೆಯ ಕೊಳವೆಗಳು ಬಂದು ಇದನ್ನು ಮೂಲೆಗೆ ಹಾಕಿದವು.

ಆಮೇಲೆಯೂ, 1960 ಮತ್ತು 70ರ ದಶಕಗಳಲ್ಲಿ, ಅಮೆರಿಕದ ಆರ್‌ಸಿಎ ಕಂಪನಿಯ ಪ್ರಯೋಗಾಲಯದಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ಈ ಸಲ ಉಪ್ಪಿನ ಬದಲು ಸೋಡಲೈಟ್ ಎಂಬ ಖನಿಜದ ಪುಡಿ. ಈ ಜಾತಿಯ ಕಲ್ಲು ಪರದೇಶದ್ದೇ ಆಗಬೇಕೆಂದಿಲ್ಲ. ರಾಜಸ್ಥಾನದ ಕಿಶನ್‌ಗಢದಲ್ಲಿಯೂ ಉಂಟು. ಅಲ್ಲಿಯ ಕಲ್ಲು ಒಡೆದ ಕೂಡಲೆ ಕೆಂಪಾಗಿ ಕಂಡು, ಬಿಸಿಲಿಗೆ ಬಿದ್ದಂತೆ ಬಣ್ಣ ಕಳೆದುಕೊಳ್ಳುವ ಬೆರಗನ್ನು ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ವ್ರೆಡೆನ್‌ಬರ್ಗ್ ಎಂಬ ಅಧಿಕಾರಿ 1904ರಲ್ಲಿಯೇ ಬರೆದಿಟ್ಟಿದ್ದಾನೆ. ಸೋಡಲೈಟಿನ ತೆರೆಯಲ್ಲಿ ಬಣ್ಣ ಎರಡು ಬಗೆಯಾಗಿ ಕಟ್ಟುತ್ತದೆ ಎಂದು ಮೇಷ್ಟ್ರು ಹೇಳಿದರು. ಎಲೆಕ್ಟ್ರಾನು ಮೆಲ್ಲಗೆ ಬಡಿದರೆ ಮೂಡುವ ಬಣ್ಣ ಬರಿಯ ಬೆಳಕು ಬಿಟ್ಟರೆ ಮಾಸುತ್ತದೆ. ಗಟ್ಟಿಯಾಗಿ ಬಡಿದರೆ ಮೂಡುವ ಬಣ್ಣ ಇನ್ನೂ ಕಪ್ಪು. ಅದಕ್ಕೆ ಬೆಳಕು ಸಾಲದು, ಬೆಂಕಿಯ ಶಾಖವೇ ಬೇಕು. ಅಳಿಸುವುದಕ್ಕೆಂದು ತೆರೆಯ ಬೆನ್ನಿಗೆ ಒಂದು ಕಾವಲಿಯನ್ನೇ ಕಟ್ಟಿದ್ದರಂತೆ. ಅದೂ ಬಾಳಲಿಲ್ಲ. ಈಗಂತೂ ಕೊಳವೆಯ ಕುಲವೇ ಮನೆಗಳಿಂದ ಹೊರಬಿದ್ದಿದೆ.

ಬಿಸಿಲೇರುತ್ತಿತ್ತು. ಎದ್ದು ಭೈರವೇಶ್ವರನ ಗುಡಿಯ ಕಡೆ ನಡೆದೆವು. ಅಲ್ಲಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ, ಮೂರೇ ಸಾಲು. 1929ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಗುರುತಿಸಿ ಓದಿದ್ದು. ಮಯೂರಶರ್ಮ ಯಾರು ಯಾರನ್ನು ಗೆದ್ದನೆಂದು ಪಟ್ಟಿ ಕೊಟ್ಟರೂ, ಶಾಸನ ಹುಟ್ಟಿದ್ದು ಒಂದು ಕೆರೆಯ ಕಾರಣಕ್ಕೆ. ಈ ಜಾಗದಲ್ಲಿ ನಿಂತು ವರ್ಷ ವರ್ಷವೂ ಹುಡುಗರಿಗೆ ಪಾಠ ಹೇಳಿದ್ದೇನೆ. ಅಂದು ನಾನು ಸ್ವಲ್ಪ ಜಂಭದಿಂದಲೇ ಹೇಳಿದೆ:

“ನೋಡಿ ಮೇಷ್ಟ್ರೇ, ನಿಮ್ಮ ಉಪ್ಪಿನ ನೆನಪು ಹೆಚ್ಚೆಂದರೆ ತಿಂಗಳು. ನಮ್ಮ ಕಲ್ಲಿನ ನೆನಪು ಸಾವಿರದ ಆರುನೂರು ವರ್ಷ.”

ಮೇಷ್ಟ್ರು ನಕ್ಕು ಬಗ್ಗಿ, ಕಾಲಬಳಿಯ ಮಣ್ಣಿನಲ್ಲಿ ಅರ್ಧ ಹೂತಿದ್ದ ಒಂದು ಬೋಕಿಯನ್ನು ಮುಟ್ಟದೆ ಬೆರಳಿನಿಂದ ತೋರಿಸಿದರು. “ಇದು ನಿಮ್ಮ ಶಾಸನಕ್ಕಿಂತ ಹಳೆಯದಿರಬಹುದು. ಮತ್ತು ಇದರ ನೆನಪು ನನ್ನ ಕೊಳವೆಯ ನೆನಪಿನ ಜಾತಿಯದೇ.”

ಚಂದ್ರವಳ್ಳಿಯಲ್ಲಿ ಬೋಕಿಗೆ ಬರವಿಲ್ಲ. ಶಾತವಾಹನರ ಕಾಲದ ಊರು ಇದು. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಅಗೆದು ನೋಡಿದ. ರೋಮಿನ ಚಕ್ರವರ್ತಿ ತಿಬೇರಿಯಸ್‌ನ ಬೆಳ್ಳಿ ನಾಣ್ಯ, ಶಾತವಾಹನರ ಸೀಸದ ನಾಣ್ಯ, ಕಂದುಗೆಂಪಿನ ಮೇಲೆ ಸಣ್ಣ ಬಿಳಿಗೆರೆ ಎಳೆದ ಮಡಕೆ ಕುಡಿಕೆಗಳ ಚೂರು — ಇವುಗಳ ಪದರ ಪದರವನ್ನು ಹಿಡಿದು ದಕ್ಷಿಣದ ಇತಿಹಾಸಕ್ಕೆ ಕಾಲದ ಲೆಕ್ಕ ಹಾಕಿಕೊಟ್ಟ. ಅದಕ್ಕೆ ನಾಲ್ಕು ವರ್ಷ ಮುಂಚೆ ಆತ ವಿಮಾನಗಳನ್ನು ಹೊಡೆದುರುಳಿಸುವ ತೋಪುಪಡೆಯ ಅಧಿಕಾರಿಯಾಗಿ ಇಟಲಿಯ ಸಲೆರ್ನೋದಲ್ಲಿ ಯುದ್ಧ ಮಾಡುತ್ತಿದ್ದ. ಆಕಾಶವನ್ನು ಕಾಯುತ್ತಿದ್ದ ಕಣ್ಣು ಇಲ್ಲಿ ನೆಲವನ್ನು ನೋಡಿತು.

ಬೋಕಿಯ ನೆನಪಿನ ಕಥೆ ಹೀಗೆ. ಮಡಕೆಯ ಮಣ್ಣಿನಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳಿರುತ್ತವೆ. ಅವುಗಳಲ್ಲಿಯೂ ಬರಿಯ ಗುಣಿಗಳುಂಟು. ಮಣ್ಣಿನಲ್ಲಿರುವ ಅಲ್ಪಸ್ವಲ್ಪ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣಕ್ಕೆ ಹರಳಿನೊಳಗಿನ ಎಲೆಕ್ಟ್ರಾನುಗಳು ಕದಲಿ, ವರ್ಷಕ್ಕೆ ಇಷ್ಟೆಂದು ಗುಣಿಗಳಿಗೆ ಬೀಳುತ್ತಲೇ ಇರುತ್ತವೆ. ಕುಂಬಾರ ಆವಿಗೆಯಲ್ಲಿ ಮಡಕೆ ಸುಟ್ಟಾಗ ಹಳೆಯದೆಲ್ಲ ಹಾರಿಹೋಗಿ ಲೆಕ್ಕ ಸೊನ್ನೆಯಾಗುತ್ತದೆ. ಅಂದಿನಿಂದ ಮತ್ತೆ ಒಂದೊಂದಾಗಿ ತುಂಬುತ್ತದೆ. ಪ್ರಯೋಗಾಲಯದಲ್ಲಿ ಚೂರಿನ ಪುಡಿಯನ್ನು ಐನೂರು ಡಿಗ್ರಿಯವರೆಗೆ ಕಾಯಿಸಿದರೆ ಸಿಕ್ಕಿಬಿದ್ದವೆಲ್ಲ ಹೊರಹಾರುತ್ತ ಕಣ್ಣಿಗೆ ಕಾಣದಷ್ಟು ಮಂದವಾಗಿ ಬೆಳಕು ಬೀರುತ್ತವೆ. ಆ ಬೆಳಕನ್ನು ಅಳೆದರೆ ಮಡಕೆ ಬೆಂಕಿ ಕಂಡು ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಬಹುದು. 1953ರಲ್ಲಿ ಅಮೆರಿಕದ ಡೇನಿಯಲ್ಸ್ ಮತ್ತು ಸಂಗಡಿಗರು ಸೂಚಿಸಿದ ದಾರಿ. 1960ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಪಳಗಿದ್ದು.

“ಆದರೆ ಒಂದು ಮಾತು” ಎಂದರು ಮೇಷ್ಟ್ರು. “ಒಂದೇ ಸಲ ಓದಬಹುದು. ಓದಬೇಕಾದರೆ ಕಾಯಿಸಬೇಕು, ಕಾಯಿಸಿದರೆ ಅಳಿಯುತ್ತದೆ. ಓದುವುದೂ ಅಳಿಸುವುದೂ ಅಲ್ಲಿ ಎರಡಲ್ಲ.”

ನಾನು ಮಾತಾಡಲಿಲ್ಲ. ನನಗೆ ನನ್ನದೇ ಒಂದು ಬೋಕಿಯ ನೆನಪಾಗಿತ್ತು.

ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಇಲ್ಲಿಂದ ಒಂದು ಚೂರನ್ನು ಚಡ್ಡಿಯ ಜೇಬಿನಲ್ಲಿ ಹಾಕಿಕೊಂಡು ಹೋಗಿದ್ದೆ. ಹಾಗೆ ಎತ್ತಿಕೊಂಡು ಹೋಗುವುದು ತಪ್ಪು. ಈಗ ನನ್ನ ವಿದ್ಯಾರ್ಥಿಗಳು ಯಾರಾದರೂ ಬಗ್ಗಿದರೆ ನಾನೇ ಗದರಿಸುತ್ತೇನೆ. ಅಂಗೈಯಗಲದ ದಪ್ಪ ಚೂರು, ಕಂದುಗೆಂಪು, ಮೇಲೆ ಹೆಣೆದ ಚಾಪೆಯಂತೆ ಬಿಳಿಗೆರೆ. ಶಾತವಾಹನ ಎಂದು ಅದಕ್ಕೆ ಹೆಸರಿಟ್ಟು ಕಿಟಕಿಯಲ್ಲಿ ಇಟ್ಟುಕೊಂಡಿದ್ದೆ. ನಮ್ಮಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು. “ಯಾವಳೋ ಮಡಕೆ ಒಡೆದುಕೊಂಡು ಅತ್ತೆ ಹತ್ತಿರ ಬೈಸಿಕೊಂಡಿದ್ದಾಳೆ, ಇವನು ಅದಕ್ಕೆ ಪೂಜೆ ಮಾಡ್ತಾನೆ” ಎಂದು ನಗುತ್ತಿದ್ದ. ಒಂದು ದಿನ ಕಿಟಕಿ ಬರಿದಾಗಿತ್ತು. ಅವನೇ ಎಸೆದನೆಂದು ನಾನು ತೀರ್ಮಾನಿಸಿದೆ. ಕೇಳಲಿಲ್ಲ. ಕೇಳದೆ ಇಟ್ಟುಕೊಂಡದ್ದರಿಂದಲೇ ಅದು ಉಳಿಯಿತು.

ಅದು ಬೆಳಕಿಗೆ ಮಾಸುವ ಬಣ್ಣ, ಬಿಡಿ. ಮಾಸದ ಬಣ್ಣವೂ ಒಂದಿತ್ತು. ಕೋಟೆ ಕೆಳಗಿನ ಹಳೆಯ ಮನೆಯಲ್ಲಿ ಅಮ್ಮನ ಜೊತೆ ಇದ್ದವನು ಅಣ್ಣ. ನಾನು ಕೆಲಸ ಸಿಕ್ಕ ಮೇಲೆ ಊರ ಆಚೆ ತುದಿಯಲ್ಲಿ ಬೇರೆ ಮನೆ ಮಾಡಿದ್ದೆ. ಅಮ್ಮ ಕೊನೆಯ ಕೆಲವು ತಿಂಗಳು ಹಾಸಿಗೆ ಹಿಡಿದಳು. ಅಣ್ಣ ಅತ್ತಿಗೆ ನೋಡಿಕೊಂಡರು. ನಾನು ಭಾನುವಾರಗಳಲ್ಲಿ ಹಣ್ಣು ಹಿಡಿದುಕೊಂಡು ಹೋಗುತ್ತಿದ್ದೆ. ಅಮ್ಮನ ಕಾರ್ಯ ಮುಗಿದ ದಿನ, ನೆಂಟರಿಷ್ಟರೆಲ್ಲ ಇನ್ನೂ ಚಾಪೆಯ ಮೇಲೆ ಕುಳಿತಿದ್ದಾಗಲೇ, ಅಣ್ಣ ಎಲ್ಲರ ಎದುರಿಗೆ ಅಂದ: “ಅಮ್ಮನ ಹೇಸಿಗೆ ಬಳಿದವನು ನಾನು. ನೀನು ಪುಸ್ತಕ ಓದಿಕೊಂಡು ಕೂತಿದ್ದೆ.” ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡು ಬಂದೆ. ಆಮೇಲೆ ಅವನು ಮನೆಗೆ ಬೀಗ ಹಾಕಿ ಹೊಸದುರ್ಗದಲ್ಲಿ ಕೊಬ್ಬರಿ ವ್ಯಾಪಾರಕ್ಕೆ ನಿಂತ. ಹನ್ನೊಂದು ವರ್ಷ ಮಾತಿಲ್ಲ. ಮದುವೆ ಮುಂಜಿಗಳಲ್ಲಿ ಎದುರಾದರೆ ಊಟದ ಪಂಕ್ತಿ ಬದಲಾಯಿಸುತ್ತಿದ್ದೆವು. ದಿನವೂ ಒಂದು ಸಲವಾದರೂ ಆ ಮಾತು ನನ್ನ ತಲೆಯಲ್ಲಿ ಅದೇ ಜಾಗದಲ್ಲಿ ಬಂದು ಬೀಳುತ್ತಿತ್ತು. ಅವನ ವಿಷಯದಲ್ಲಿ ಯಾರು ಏನು ಹೊಸದು ಹೇಳಿದರೂ ಅದು ಆ ಗೆರೆಯ ಮೇಲೆಯೇ ಬೀಳುತ್ತಿತ್ತು. ಅವನ ಮಗಳು ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಳೆಂದು ಕೇಳಿದಾಗಲೂ ನನಗೆ ಮೊದಲು ಕಂಡದ್ದು ಚಾಪೆ, ನೆಂಟರು, ಆ ಮಾತು.

ಅದೇ ವರ್ಷ ಮುಂಗಾರಿನಲ್ಲಿ ಹಳೆಯ ಮನೆಯ ಹಿಂದಿನ ಗೋಡೆ ಕುಸಿಯಿತು. ನೆರೆಮನೆಯವರು ನಮ್ಮಿಬ್ಬರಿಗೂ ಫೋನು ಮಾಡಿದರು. ನಾನು ಹೋಗುವಷ್ಟರಲ್ಲಿ ಅಣ್ಣ ಬಂದಿದ್ದ. ಬೈರಾಸನ್ನು ತಲೆಗೆ ಸುತ್ತಿಕೊಂಡು, ಬಚ್ಚಲ ಮನೆಯ ಮಣ್ಣು ಎಳೆಯುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಸುಮ್ಮನೆ ಒಂದು ಬುಟ್ಟಿಯನ್ನು ನನ್ನ ಕಡೆ ತಳ್ಳಿದ. ನಾನೂ ಪಂಚೆ ಎತ್ತಿ ಕಟ್ಟಿದೆ. ಒಂದು ಗಂಟೆಯ ಹೊತ್ತು ಇಬ್ಬರೂ ಮಣ್ಣು ಹೊತ್ತೆವು.

ಹಂಡೆಯನ್ನು ಇಳಿಸಿದಾಗ ಒಲೆಯ ಬಾಯಲ್ಲಿ ಅವನ ಕೈ ನಿಂತಿತು. ಬೂದಿಯಿಂದ ಏನನ್ನೋ ತೆಗೆದು ಬೈರಾಸಿನಿಂದ ಒರೆಸಿದ. ಮಸಿಯ ಕೆಳಗೆ ಅಲ್ಲಲ್ಲಿ ಬಿಳಿಗೆರೆ ಕಂಡಿತು.

“ಲೋ, ನಿನ್ನ ಶಾತವಾಹನ ಇಲ್ಲಿದ್ದಾನೆ ನೋಡೋ!”

ಹಂಡೆ ಒಂದು ಕಡೆ ವಾಲುತ್ತಿತ್ತು. ಅದಕ್ಕೆ ಊತ ಕೊಡಲು ಕೈಗೆ ಸಿಕ್ಕ ಚೂರನ್ನು ಅಮ್ಮ ಸಿಕ್ಕಿಸಿದ್ದಳು. ಅವಳಿಗೆ ಬೇಕಾಗಿದ್ದುದು ಅಲುಗದ ಹಂಡೆ. ಅಂದಿನಿಂದ ಅವಳು ಹಾಸಿಗೆ ಹಿಡಿಯುವವರೆಗೆ, ದಿನವೂ ಬೆಳಗಿನ ಜಾವ ಸೌದೆಯ ಉರಿ ಆ ಚೂರನ್ನು ಕಾಯಿಸಿತ್ತು.

“ನೀನೇ ಎಸೆದಿದ್ದೆ ಅಂದುಕೊಂಡಿದ್ದೆ” ಎಂದೆ. ಹನ್ನೊಂದು ವರ್ಷದಲ್ಲಿ ಅವನೊಡನೆ ನಾನು ಆಡಿದ ಮೊದಲ ಮಾತು ಅದು.

“ಕೇಳಿದ್ದರೆ ಹೇಳ್ತಿದ್ದೆ” ಎಂದ.

ಮಳೆ ಮತ್ತೆ ಶುರುವಾಯಿತು. ಉಳಿದಿದ್ದ ಒಣಸೌದೆ ಹಾಕಿ ಅಣ್ಣ ಅದೇ ಒಲೆಯಲ್ಲಿ ಬೆಂಕಿ ಮಾಡಿದ, ಚೂರನ್ನು ಪಕ್ಕಕ್ಕಿಟ್ಟು. ನೆರೆಮನೆಯವರು ಮಂಡಕ್ಕಿ ಮೆಣಸಿನಕಾಯಿ ಕಳಿಸಿದ್ದರು. ಬೆಂಕಿಯ ಎದುರು ಕುಕ್ಕರಗಾಲಿನಲ್ಲಿ ಕುಳಿತು ತಿನ್ನುತ್ತ, ನಾನು ಹೇಗೋ ಧೈರ್ಯ ಮಾಡಿ ಆ ದಿನದ ಮಾತನ್ನು ಬಾಯಿಬಿಟ್ಟು ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ. ಅಷ್ಟು ಜನರ ಎದುರಿಗೆ ನೀನು ಹಾಗೆ ಅನ್ನಬಾರದಾಗಿತ್ತು ಎಂದೆ.

ಅಣ್ಣ ಸೌದೆಯನ್ನು ಒಳಕ್ಕೆ ತಳ್ಳಿದ. “ಅದಕ್ಕೆ ಮೊದಲು ನೀನು ಏನಂದೆ?” ಎಂದು ಕೇಳಿದ.

ನಾನು ಏನೂ ಅಂದಿರಲಿಲ್ಲ. ಹ್ಞಾ, ಅಂದಿರಲಿಲ್ಲ ಎಂದೇ ನಾನು ತಿಳಿದಿದ್ದೆ.

“ಔಷಧಿ ಆಸ್ಪತ್ರೆಗೆ ಸಾಲ ಆಗಿದೆ ಅಂತ ನಿಮ್ಮತ್ತಿಗೆ ಯಾರ ಹತ್ತಿರವೋ ಹೇಳ್ತಿದ್ದಳು. ನೀನು ಅಲ್ಲಿಂದ ಕೂಗಿ ಅಂದೆ — ನೋಡಿಕೊಂಡಿದ್ದಕ್ಕೆ ಲೆಕ್ಕ ಬರೆದಿಟ್ಟಿದ್ದರೆ ಹೇಳಿ, ನನ್ನ ಪಾಲಿಂದು ಕೊಟ್ಟುಬಿಡ್ತೀನಿ.”

ಅವನು ಹೇಳಿದ ಕೂಡಲೆ ನನ್ನ ದನಿಯೇ ನನಗೆ ಕೇಳಿಸಿತು. ಹನ್ನೊಂದು ವರ್ಷ ಅವನ ಒಂದು ಮಾತನ್ನು ಪಾಠದಂತೆ ಒಪ್ಪಿಸಿಕೊಂಡವನಿಗೆ ನನ್ನ ಮಾತು ಒಂದು ದಿನವೂ ನೆನಪಾಗಿರಲಿಲ್ಲ. ರೇಡಾರಿನ ತೆರೆಯ ಮೇಲೆ ಕಾಣುವ ಚುಕ್ಕಿ ನಾವೇ ಕಳಿಸಿದ ಅಲೆಯ ಪ್ರತಿಧ್ವನಿಯೆಂದು ಮೇಷ್ಟ್ರು ಕೆರೆ ಏರಿಯ ಮೇಲೆ ಹೇಳಿದ್ದರು. ಅಂದು ಅದನ್ನು ಬರಿಯ ಭೌತಶಾಸ್ತ್ರವೆಂದು ಕೇಳಿದ್ದೆ.

“ತಪ್ಪಾಯ್ತಣ್ಣ” ಎಂದೆ.

“ನಂದೂ ಆಯ್ತು ಬಿಡು” ಎಂದು ಅವನು ಮೆಣಸಿನಕಾಯಿಯ ತೊಟ್ಟನ್ನು ಬೆಂಕಿಗೆ ಹಾಕಿದ. ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು ಬಂದಿತ್ತು. ಹಸಿ ಸೌದೆಯೂ ಒಂದೆರಡು ಸೇರಿದ್ದುದು ಅನುಕೂಲವಾಯಿತು.

ಕಲೆ ಪೂರ್ತಿ ಹೋಯಿತೆಂದು ನಾನು ಹೇಳುವುದಿಲ್ಲ. ದಿನವೂ ಪೆಟ್ಟು ಬಿದ್ದ ಜಾಗದಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ. ಆದರೆ ಈಗ ಅದರ ಮೇಲೆ ಹೊಸ ಗೆರೆ ಬಿದ್ದರೆ ಕಾಣುತ್ತದೆ. ಅವನ ಮಗಳು ಬಿ.ಎಸ್‌ಸಿ. ಸೇರಲು ಬಂದಾಗ ನಮ್ಮ ಮನೆಯಲ್ಲೇ ಉಳಿದಳು.

ಬೋಕಿಯ ಕಥೆಯನ್ನು ಭೌತಶಾಸ್ತ್ರದ ಮೇಷ್ಟ್ರಿಗೆ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. “ನಿಮ್ಮ ತಾಯಿಯವರು ಎರಡು ಸಾವಿರ ವರ್ಷವನ್ನು ಒಂದು ಸ್ನಾನಕ್ಕೆ ಅಳಿಸಿಬಿಟ್ಟರಲ್ಲ! ಹಂಡೆ ಒಲೆಯ ಉರಿ ಕಡಿಮೆಯದೇನಲ್ಲ. ಈಗ ಆ ಚೂರನ್ನು ಪ್ರಯೋಗಾಲಯಕ್ಕೆ ಕೊಟ್ಟರೆ, ಮಡಕೆ ಮಾಡಿದವರು ಶಾತವಾಹನರಲ್ಲ, ನಿಮ್ಮಮ್ಮ ಅಂತ ವರದಿ ಬರುತ್ತದೆ.” ಮತ್ತೆ ಸ್ವಲ್ಪ ಯೋಚಿಸಿ, “ಅವರು ಕೊನೆಯ ಸಲ ಒಲೆ ಹೊತ್ತಿಸಿದ ದಿನದಿಂದ ಲೆಕ್ಕ ಶುರುವಾಗಿದೆ. ಹತ್ತು ಹನ್ನೆರಡು ವರ್ಷದ್ದು ತೀರ ತೆಳು. ಯಂತ್ರಕ್ಕೆ ಕಾಣಿಸುವುದೂ ಕಷ್ಟ. ಬೇಕಾದರೆ ವಿಶ್ವವಿದ್ಯಾಲಯದಲ್ಲಿರುವ ನನ್ನ ಶಿಷ್ಯರಿಂದ ಕಾಯಿಸಿ ನೋಡಿಸೋಣವೇ?” ಎಂದರು.

ಬೇಡಿ ಎಂದೆ. ಕಾಯಿಸಿದರೆ ಅದೂ ಹೋಗುತ್ತದೆ.

ತಂದಲ್ಲಿಗೇ ಹಿಂದಕ್ಕೆ ಇಟ್ಟುಬಿಡೋಣವೆಂದರೆ ಅದಕ್ಕೂ ಮೇಷ್ಟ್ರು ಒಪ್ಪಲಿಲ್ಲ. ಮುಂದೆ ಯಾರಾದರೂ ಅಗೆದವರು ದಾರಿ ತಪ್ಪುತ್ತಾರೆ, ನಿಮ್ಮಮ್ಮನ ಒಲೆಯನ್ನು ಮಯೂರಶರ್ಮನ ಪಕ್ಕದಲ್ಲಿ ಹೂಳಬೇಡಿ ಎಂದರು. ಅವರ ಲೇಖನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು. ಅಚ್ಚಿನ ಮನೆಯವರ ಕೃಪೆಯಿಂದ ನನ್ನ ‘ನೆಳಲುಗೊಳವೆ’ ಉದ್ದಕ್ಕೂ ‘ನೆಲಗೊಳವೆ’ಯಾಗಿ, ಚರಂಡಿಯ ಮೇಲಿನ ಲೇಖನದಂತೆ ಕಾಣಿಸಿತು. ಆ ಮಾತನ್ನು ಉಳಿಸಿಕೊಳ್ಳುವುದಕ್ಕಾದರೂ ಇದನ್ನು ಬರೆಯಬೇಕಾಯಿತು.

ಹಳೆಯ ಮನೆಯನ್ನು ಪಾಲು ಮಾಡಿದೆವು. ಬಾಗಿಲು, ತೊಲೆ, ಹಂಡೆ ಎಲ್ಲಕ್ಕೂ ಲೆಕ್ಕ ಹತ್ತಿತು. ಬೋಕಿಯೊಂದನ್ನು ಮಾತ್ರ ಇಬ್ಬರಲ್ಲಿ ಯಾರೂ ಒಡೆಯಲು ಒಪ್ಪದೆ, ಅಣ್ಣ ಹೊಸದುರ್ಗಕ್ಕೆ ತೆಗೆದುಕೊಂಡು ಹೋದ. ಅವನ ಮನೆಯ ಕಿಟಕಿಯಲ್ಲಿ ಇದೆ. ನೋಡಬೇಕೆನಿಸಿದಾಗ ಬಸ್ಸು ಹತ್ತುತ್ತೇನೆ.